ಅವರ ಬಲಗೈಗೊಂದು ಕಂಪ್ಯೂಟರು

ನಂಜನಗೂಡಿನ ನಮ್ಮ ಮನೆಗೆ ಆಟದ ಕಂಪ್ಯೂಟರೊಂದು ಬೇಕಾದದ್ದು ಮಕ್ಕಳಿಗಲ್ಲ, ಅರವತ್ತು ದಾಟಿದ್ದ ನನ್ನ ಗಂಡನಿಗೆ. ಹೀಗೆಂದರೆ ಕೇಳಿದವರು ಈಗಲೂ ನಗುತ್ತಾರೆ. ನಾನೂ ಅವರ ಜೊತೆ ಒಂದಿಷ್ಟು ನಕ್ಕು ಮಾತು ಬದಲಿಸುತ್ತೇನೆ. ಇಷ್ಟು ವರ್ಷ ಹಾಗೇ ಮಾಡಿಕೊಂಡು ಬಂದೆ. ಆ ಮಾತನ್ನೇ ಮುಂದುವರಿಸಿದರೆ ಆ ಕಂಪ್ಯೂಟರು ಯಾಕೆ ತಡವಾಗಿ ಬಂತು, ತಡಮಾಡಿದವರು ಯಾರು ಎನ್ನುವುದನ್ನೂ ಹೇಳಬೇಕಾಗುತ್ತದೆ.

ಹೊಸ ಶತಮಾನ ಹುಟ್ಟಿ ಮೂರು ನಾಲ್ಕು ವರ್ಷವಾಗಿತ್ತು. ನಮ್ಮವರದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಊರಾಚೆ ತಾಂಡ್ಯದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬೋಲ್ಟು, ಬೇರಿಂಗು, ಬೆಲ್ಟು ಸರಬರಾಜು. ಎಲ್ಲವನ್ನೂ ತಮ್ಮ ಹಳೆಯ ಜೀಪಿನಲ್ಲಿ ತಾವೇ ಹಾಕಿಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಡ್ರೈವರೊಬ್ಬನನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುವುದು, ಅವರು "ಜೀಪ್ ಬುಟ್ರೆ ನಂಗೆ ಇನ್ನೇನೈತೆ? ಕೂತ್ಕಂಡು ಮೊಳೆ ತೂಗೋದಾ?" ಎನ್ನುವುದು ವಾರಕ್ಕೊಮ್ಮೆ ನಡೆದೇ ನಡೆಯುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿ, ಇಲ್ಲಿಯ ಪ್ರೈಮರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಮದುವೆಯಾದ ಹೊಸದರಿಂದಲೂ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನ್ ಮಿಸ್ಸೇ, ಇನ್ನೊಂದ್ ಮುದ್ದೆಗೂ ಪ್ಲೀಸ್ ಅನ್ಬೇಕಾ?" ಎಂದು ಎಲ್ಲರೆದುರು ರೇಗಿಸುತ್ತಿದ್ದರು. ನಾನು ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ. ಒಳಗೊಳಗೇ ಹಿತವಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೊಂದು ಬೆಳಿಗ್ಗೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದಾಗ ಅವರ ಕೈಯಿಂದ ಪೆನ್ನು ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಪಕ್ಕಕ್ಕೆ ವಾಲಿದರು. ಪೇಟೆಯವರು ಲಕ್ವ ಎಂದರು, ಮೈಸೂರಿನ ಡಾಕ್ಟರು ಸ್ಟ್ರೋಕ್ ಎಂದರು. ಬಲಗಾಲು, ಬಲಗೈ ಎರಡೂ ಕೊರಡಾಗಿದ್ದವು. ಮಾತು ತೊದಲಿತು.

ಯುಗಾದಿಯ ಹೊತ್ತಿಗೆ ಕಾಲು ಬಂತು. ಕೋಲು ಹಿಡಿದು ಹಜಾರದ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಮಾತೂ ನಿಧಾನವಾಗಿ ಮರಳಿತು. ಕೈ ಮಾತ್ರ ಬರಲಿಲ್ಲ. ಮೈಸೂರಿನಲ್ಲಿ ವಾರಕ್ಕೊಮ್ಮೆ ನೋಡುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಆಂಟಿ, ಕೈ ವಿಷಯದಲ್ಲಿ ಏನು ವಾಪಸ್ ಬರೋದಿದ್ರೂ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಬರ್ಬೇಕು. ಆಮೇಲೆ ಬೆರಳು ಬಿಗಿದುಕೊಳ್ಳೋಕೆ ಶುರುವಾಗುತ್ತೆ. ದಿನಾ ನೂರಾರು ಸಲ ಬೆರಳಾಡಿಸ್ಬೇಕು. ಚೆಂಡೋ, ಹಿಟ್ಟೋ, ಏನಾದ್ರೂ ಸರಿ. ಅಂಕಲ್‌ಗೆ ಇಷ್ಟ ಆಗ್ಬೇಕು, ಅಷ್ಟೇ."

ಇಷ್ಟವಾಗುವುದೇ ಕಷ್ಟವಾಗಿತ್ತು. ರಬ್ಬರ್ ಚೆಂಡು ಕೊಟ್ಟರೆ ಎಡಗೈಯಲ್ಲಿ ತೆಗೆದು ಅಂಗಳಕ್ಕೆ ಎಸೆದರು. ನಮ್ಮ ಜೊತೆಯಲ್ಲೇ ಇದ್ದ ಅವರ ಅಕ್ಕ, ಹತ್ತಿರದ ಹದಿನಾರು ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದವರು, ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದವರು, ಚಪಾತಿ ಹಿಟ್ಟಿನ ಉಂಡೆ ತಂದು ಮುಂದಿಟ್ಟರು. "ನಾದಪ್ಪ, ನಾದು. ನಮ್ಗೂ ಸಾಯ ಆಯ್ತದೆ" ಎಂದು ನಗಿಸಲು ನೋಡಿದರು. ಹಿಟ್ಟು ಒಣಗಿ ಬಿರುಕು ಬಿಡುವವರೆಗೂ ಇವರು ಅದರ ಮೇಲೆ ಕೈಯನ್ನು ಸತ್ತ ಮೀನಿನಂತೆ ಹಾಕಿಕೊಂಡು ಕೂತಿದ್ದರು.

ದಾರಿ ತೋರಿಸಿದ್ದು ನಮ್ಮ ಮಗಳು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ನಮ್ಮ ಬೀದಿಯ ಕೊನೆಯಲ್ಲಿದ್ದ ಟ್ರೈನಿಂಗ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ, ಮನೆಯಲ್ಲಿ ಕೂತು ಕೊಳೆಯುತ್ತಾರೆ ಎಂದು ಅಪ್ಪನನ್ನು ನಡೆಸಿಕೊಂಡು ಅಲ್ಲಿಗೆ ಹೋದಳು. ಯಾರೋ ಕಾರ್ ರೇಸಿನ ಆಟ ಹಾಕಿ ಬಿಟ್ಟುಹೋಗಿದ್ದರಂತೆ. ಇವರು ಅದರ ಮುಂದೆ ಕೂತರು. ಬಾಣದ ಗುರುತಿನ ಕೀಗಳ ಮೇಲೆ ಮಗಳು ಅವರ ಬಲಗೈ ಇಟ್ಟಳು.

ಅರ್ಧ ಗಂಟೆಯ ಮೇಲೆ ಓಡಿ ಬಂದು ನನ್ನನ್ನು ಕರೆದಳು. ಹೋಗಿ ನೋಡುತ್ತೇನೆ, ಪರದೆಯ ಮೇಲೆ ಕೆಂಪು ಕಾರು ದಾರಿ ಬಿಟ್ಟು ಮರಕ್ಕೆ, ಕಂಬಕ್ಕೆ, ಎದುರಿನ ವಾಹನಕ್ಕೆ ಹೊಡೆಯುತ್ತಿದೆ. ಇವರ ಹಣೆಯಲ್ಲಿ ಬೆವರು. ತೋರುಬೆರಳು ತಾನಾಗಿ ಎದ್ದು, ನಡುಗಿ, ಕೀಯ ಮೇಲೆ ಬಿತ್ತು. ಮತ್ತೆ ಎದ್ದಿತು. ನಾಲ್ಕು ತಿಂಗಳಿಂದ ನಾವು ಯಾರೂ ಕಾಣದ ಚಲನೆ.

"ನೋಡ್ದಾ ಮಿಸ್ಸೇ," ಎಂದರು, ಕಣ್ಣು ತೆಗೆಯದೆ. "ಬ್ರೇಕ್ ಸರೀಗಿಲ್ಲ ಈ ಗಾಡೀಲಿ."

ಫಿಸಿಯೋ ಹುಡುಗಿ ಕುಣಿದಾಡುವುದೊಂದು ಬಾಕಿ. "ಇದನ್ನೇ ಮಾಡ್ಸಿ ಆಂಟಿ! ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಬಿಡ್ಬೇಡಿ, ಇದೇ ಟೈಮು." ಆದರೆ ಸೆಂಟರಿನವರು ಒಂದು ವಾರ ಸಹಿಸಿಕೊಂಡು, ಎಕ್ಸಾಮ್ ಬ್ಯಾಚ್ ಶುರುವಾಯಿತು, ಗೇಮ್ಸ್ ಆಡಿಸಿದರೆ ಪೇರೆಂಟ್ಸ್ ಗಲಾಟೆ ಮಾಡುತ್ತಾರೆ ಎಂದರು. ತಪ್ಪು ಹೇಳುವಂತಿರಲಿಲ್ಲ. ಅಲ್ಲದೆ ಅಲ್ಲಿಯ ಮಿಷನ್ನುಗಳು ಟೈಪಿಂಗ್ ಕಲಿಸುವವು. ಆಟ ನಡುನಡುವೆ ತಡವರಿಸಿ ನಿಲ್ಲುತ್ತಿತ್ತು. ಮಗಳು ನನಗೆ ವಿವರಿಸಿದಳು: ಬೆರಳು ಒತ್ತಿದ ಕ್ಷಣಕ್ಕೇ ಕಾರು ತಿರುಗಬೇಕು, ಆಗ ಮಾತ್ರ ತಲೆಗೂ ಕೈಗೂ ಮತ್ತೆ ಪರಿಚಯವಾಗುತ್ತದೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂಬ ಬಿಡಿಭಾಗ ಹಾಕಿದ, ಆಟಕ್ಕೆಂದೇ ಆದ ಕಂಪ್ಯೂಟರು ಬೇಕು.

ಹೊಸದಾಗಿ ಅಂಥದ್ದನ್ನು ಸಿದ್ಧವಾಗಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆಸ್ಪತ್ರೆ ಆಗಲೇ ಬಹಳಷ್ಟು ನುಂಗಿತ್ತು. ಉಳಿದದ್ದು ಎರಡು ದಾರಿ. ಒಂದು, ಬಿಡಿಭಾಗಗಳನ್ನು ಮೈಸೂರಿನಿಂದ ಒಂದೊಂದಾಗಿ ತಂದು ಮಗಳೇ ಜೋಡಿಸುವುದು. ಇನ್ನೊಂದು, ಯಾರಾದರೂ ಬಳಸಿದ್ದನ್ನು ಕೊಳ್ಳುವುದು. ತಿರುಮಕೂಡಲು ನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬ್ರೌಸಿಂಗ್ ಸೆಂಟರ್ ಇಟ್ಟಿದ್ದವರೊಬ್ಬರು ಅಂಗಡಿ ಮುಚ್ಚುತ್ತಿದ್ದಾರೆ, ಆಟಕ್ಕೆಂದೇ ಮಾಡಿಸಿದ ಮಿಷನ್ ಒಂದಿದೆ ಎಂದು ಮಗಳು ಪತ್ತೆ ಮಾಡಿದಳು. ಜೂನ್ ಮೊದಲ ವಾರ ಇಬ್ಬರೂ ಬಸ್ ಹತ್ತಿದೆವು.

ಆತನಿಗೆ ಮೂವತ್ತೈದಿರಬಹುದು. ಷಟರ್ ಅರ್ಧ ಎಳೆದಿದ್ದ. ಒಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದ. ಬರುವವರಿಗಿಂತ ಕರೆಂಟು ಹೋಗುವುದೇ ಹೆಚ್ಚಾಯಿತು, ಫೋನ್ ಬಿಲ್ಲು ಕಟ್ಟಲು ಆಗಲಿಲ್ಲ ಎಂದ.

"ಬನ್ನಿ ಮೇಡಂ, ಬಗ್ಗಿ ಬನ್ನಿ, ತಲೆ ಉಸಾರು. ಮಗನ್ಗಾ? ಮೊದ್ಲೇ ಯೋಳ್ಬುಡ್ತೀನಿ, ಓದದ್ನೆಲ್ಲಾ ಬುಟ್ಟು ಕೂತ್ಕಬುಡ್ತಾನೆ. ಆಮೇಲ್ ಬಂದು ನನ್ನ ಬಯ್ಬೇಡಿ."

"ನಮ್ಮ ಯಜಮಾನರಿಗೆ," ಎಂದೆ.

ಆತ ಜೋರಾಗಿ ನಕ್ಕ. "ಸಾಯ್ಬರು ಸೋಕಿನೋರು ಬುಡಿ!" ಎಂದವನಿಗೆ ಮಗಳು ವಿಷಯ ಹೇಳಿದಳು. ನಗು ನಿಂತಿತು. ಒಂದು ಕುರ್ಚಿ ಇಳಿಸಿ, ಟವೆಲಿನಿಂದ ಒರೆಸಿ, ನನ್ನನ್ನು ಕೂರಿಸಿದ.

ಕಂಪ್ಯೂಟರು ಚಾಲೂ ಮಾಡಿ ಆಟ ಹಾಕಿದ. ಮಗಳು ಆಡಿ ನೋಡಿದಳು. ಕಾರು ನೀರಿನ ಮೇಲೆ ಹರಿದಂತೆ ಹೋಯಿತು. ಡಬ್ಬ ಬಿಚ್ಚಿಸಿ ಒಳಗೆ ಬಗ್ಗಿ ನೋಡಿ, ಏನೇನೋ ಕೇಳಿ, ನನ್ನ ಕಡೆ ತಿರುಗಿ ತಲೆ ಆಡಿಸಿದಳು. ಅವಳ ಮುಖದಲ್ಲಿ ಅಷ್ಟು ತಿಂಗಳ ಮೇಲೆ ಬೆಳಕು ಕಂಡಿತ್ತು.

ನಾನು ನೋಡುತ್ತಿದ್ದದ್ದು ಕೀಬೋರ್ಡನ್ನು. ಬಾಣದ ಕೀಗಳು ಸವೆದು ಹೊಳೆಯುತ್ತಿದ್ದವು. ಅಕ್ಷರಗಳ ಸಂದಿಯಲ್ಲಿ ಕಂದು ಬಣ್ಣದ ಜಿಡ್ಡು. ಮೌಸಿನ ಮೇಲೆ ಎಷ್ಟೋ ಜನರ ಅಂಗೈ ಬೆವರು ಕೂತು ಕಪ್ಪು ಪದರವಾಗಿತ್ತು. ಮಾನಿಟರಿನ ಅಂಚಿಗೆ ಯಾರೋ ಅಡಿಕೆಪುಡಿ ಕೈ ಒರೆಸಿದ್ದರು.

ಆತ ನನ್ನ ನೋಟವನ್ನು ಗಮನಿಸಿರಬೇಕು. "ಮೇಡಂ, ಮೇಲಿಂದ ನೋಡ್ಬೇಡಿ. ಕೀಬೋರ್ಡ್ ಯಾವ್ ಮಾದೊಡ್ಡದು, ಒಸದು ಸಿಕ್ತದೆ. ಮಿಷನ್ ಜೀವ ಒಳಗಿರ ಕಾರ್ಡ್ ಕಣ್ರೀ. ಇದ್ನ ನಾನು ನನ್ ತಮ್ಮಂಗಿಂತ ಚೆಂದಾಗಿ ನೋಡ್ಕಂಡಿವ್ನಿ. ಒಂದ್ ಕೆಲ್ಸ ಮಾಡಿ. ದುಡ್ಡಿನ ಮಾತು ಆಮ್ಯಾಕೆ. ಇವತ್ತೇ ಆಟೋಗಾಕ್ತೀನಿ, ತಗಂಡೋಗಿ. ಒಂದ್ ತಿಂಗ್ಳು ಸಾಯ್ಬರು ಆಡ್ಲಿ. ಬ್ಯಾಡ ಅನ್ನಿಸ್ತಾ, ಬಂದು ಎತ್ಕೊಂಡೋಯ್ತೀನಿ."

ಮಗಳು ನನ್ನ ಮೊಣಕೈ ಹಿಡಿದಳು. ಆ ಹಿಡಿತ ನನಗೆ ಇನ್ನೂ ನೆನಪಿದೆ.

"ವಿ ವಿಲ್ ಥಿಂಕ್ ಅಬೌಟ್ ಇಟ್," ಎಂದೆ. ಇಂಗ್ಲಿಷಿನಲ್ಲೇ ಎಂದೆ. ಯಾರನ್ನಾದರೂ ದೂರ ನಿಲ್ಲಿಸಬೇಕಾದಾಗ ನನಗೆ ಆ ಭಾಷೆ ತಾನಾಗಿ ಬರುತ್ತದೆ.

ಇಲ್ಲೊಂದು ಹಳೆಯ ಮಾತು ಹೇಳಬೇಕು. ಅದು ನೆಪವಲ್ಲ, ಕಾರಣ. ನಮ್ಮಪ್ಪ ಸೋಮನಾಥಪುರದ ಕಡೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹೇಗೋ ಅರ್ಧ ಫೀಜಿನಲ್ಲಿ ನನ್ನನ್ನು ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು. ಯೂನಿಫಾರ್ಮಿಗೆ ಹಣ ಸಾಲಲಿಲ್ಲ. ಸಿಸ್ಟರ್ ಒಬ್ಬರು ಬೀರು ತೆಗೆದು, ಹಿಂದಿನ ವರ್ಷ ಯಾರೋ ಹಾಕಿಬಿಟ್ಟಿದ್ದ ಟ್ಯೂನಿಕ್ ಕೊಟ್ಟು, "ವೇರ್ ಇಟ್ ವಿತ್ ಗ್ರಾಟಿಟ್ಯೂಡ್, ಚೈಲ್ಡ್" ಎಂದರು. ನಾನು ಗ್ರಾಟಿಟ್ಯೂಡ್ ಎಂದರೆ ಏನೆಂದು ತಿಳಿಯದೆಯೇ ಹಾಕಿಕೊಂಡೆ. ಮೊದಲ ದಿನ ಪ್ರೇಯರಿಗೆ ಸಾಲು ನಿಂತಾಗ ನನ್ನ ಹಿಂದಿದ್ದ ಹುಡುಗಿ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದಳು: "ಲುಕ್, ಮೈ ಓಲ್ಡ್ ಟ್ಯೂನಿಕ್! ಆ ಇಂಕ್ ಕಲೆ ನಂದೇ." ಆ ಕಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಾನು ಒಂದು ವರ್ಷ ಓಡಾಡಿದೆ. ಆಮೇಲೆ ಸಂಪಾದನೆ ಬಂದಾಗಿನಿಂದ ಇನ್ನೊಬ್ಬರು ಬಳಸಿದ ಒಂದು ಚಮಚವನ್ನೂ ಮನೆಗೆ ತಂದವಳಲ್ಲ. ಮಗಳಿಗೆ ಟೆಕ್ಸ್ಟ್ ಬುಕ್ ಕೂಡ ಪ್ರತಿ ವರ್ಷ ಹೊಸದು. ಇದನ್ನು ನಾನು ಶುಚಿ ಎಂದುಕೊಂಡಿದ್ದೆ, ಸೆಲ್ಫ್ ರೆಸ್ಪೆಕ್ಟ್ ಎಂದೂ ಹೇಳಿಕೊಳ್ಳುತ್ತಿದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕೇಳಿದಳು.

"ಯಾಕಮ್ಮ ಹಾಗಂದೆ?"

"ನೋಡಿದೆಯಲ್ಲ, ಎಷ್ಟು ಕೊಳಕು. ಕಂಡಕಂಡವರು ಮುಟ್ಟಿಬಿಟ್ಟದ್ದರ ಮುಂದೆ ನಿಮ್ಮಪ್ಪನ್ನ ಕೂರಿಸಲಾ?"

"ಅಮ್ಮ, ಅದೇನು ಎಂಜಲು ತಟ್ಟೆನಾ? ಸ್ಪಿರಿಟ್ ಹಾಕಿ ಒರೆಸಿದ್ರೆ ಹೋಗುತ್ತೆ."

"ಹೊಸದೇ ಜೋಡಿಸು. ನಿನಗೆ ಬರುತ್ತಲ್ಲ."

"ಬರುತ್ತೆ. ದಿನ ಎಷ್ಟು ಹಿಡಿಯುತ್ತೆ ಗೊತ್ತಾ? ನಮ್ಮ ಬಜೆಟ್ಟಿಗೆ ಕಾರ್ಡ್ ಸಿಗೋದೇ ಕಷ್ಟ. ಇದು ಇವತ್ತೇ ಮನೇಲಿರುತ್ತಿತ್ತು."

"ಟೂ ವೀಕ್ಸ್," ಎಂದೆ. "ಎರಡು ವಾರದಲ್ಲಿ ಏನು ಮುಳುಗಿಹೋಗುತ್ತೆ?"

ನಮ್ಮ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಅಮ್ಮ ಮಗಳ ಜಗಳ ಎಂದುಕೊಂಡು, ಮಡಿಲಿನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟಳು. ಮಗಳು ತಿನ್ನಲಿಲ್ಲ.

ಮನೆಯಲ್ಲಿ ನನಗೆ ಅನಿರೀಕ್ಷಿತವಾಗಿ ಬೆಂಬಲ ಸಿಕ್ಕಿತು. ಅಕ್ಕ ವಿಷಯ ಕೇಳಿದವರೇ, "ಮುಚ್ಚೋದ ಅಂಗ್ಡಿ ಸಾಮಾನಾ? ಬ್ಯಾಡ ಕನವ್ವ, ಬ್ಯಾಡ" ಎಂದರು. ವ್ಯಾಪಾರದ ಮನೆತನ ನಮ್ಮದು. ಮುಳುಗಿದ ಅಂಗಡಿಯ ತಕ್ಕಡಿ, ಗಲ್ಲಾಪೆಟ್ಟಿಗೆ, ಕುರ್ಚಿ ಎಷ್ಟೇ ಅಗ್ಗಕ್ಕೆ ಬಂದರೂ ನಮ್ಮ ಮಾವನವರು ಹೊಸಿಲು ದಾಟಿಸುತ್ತಿರಲಿಲ್ಲವಂತೆ. ಅವರ ನಷ್ಟ ನಮ್ಮನೆಗೆ ನಡೆದು ಬರುತ್ತದೆ ಎನ್ನುವ ನಂಬಿಕೆ. ಎಷ್ಟೋ ವರ್ಷ ಇಂಥ ಮಾತಿಗೆಲ್ಲ ನಾನು ಸೂಪರ್‌ಸ್ಟಿಷನ್ ಎಂದು ಮೂಗು ಮುರಿದವಳು. ಅವತ್ತು ಸುಮ್ಮನಿದ್ದೆ. ನನ್ನ ಮಾತನ್ನು ಅವರ ನಂಬಿಕೆಯ ಹಿಂದೆ ನಿಲ್ಲಿಸಿಕೊಂಡೆ.

ಇವರ ಬಳಿ ಹೋಗಿ, "ಹಳೇದು ಕೊಳಕಾಗಿದೆ, ನಿಮಗೆ ಹೊಸದೇ ಮಾಡಿಸ್ತೀನಿ" ಎಂದೆ. "ಆಗ್ಲಿ" ಎಂದರು. ತೋರುಬೆರಳನ್ನು ಎಡಗೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿ ಇಳಿಸುತ್ತಿದ್ದರು.

ಮಗಳು ಪಟ್ಟಿ ಮಾಡಿದಳು. ಪ್ರೊಸೆಸರ್, ಬೋರ್ಡ್, ಮೆಮೊರಿ, ಕಾರ್ಡ್, ಪವರ್ ಸಪ್ಲೈ, ಕ್ಯಾಬಿನೆಟ್. ಕಾರ್ಡಿಗೆ ಹೆಚ್ಚು ಹಾಕಿದರೆ ಮಿಕ್ಕದ್ದರಲ್ಲಿ ಕಡಿಮೆ ಮಾಡಬೇಕು. ಮಿಕ್ಕದ್ದು ತೀರಾ ಕಡಿಮೆಯಾದರೆ ಕಾರ್ಡ್ ಹಾಕಿಯೂ ಪ್ರಯೋಜನವಿಲ್ಲ. ಬರೆದಳು, ಹೊಡೆದಳು, ಮತ್ತೆ ಬರೆದಳು. ಮೈಸೂರಿನ ಅಂಗಡಿಯಲ್ಲಿ ನಮ್ಮ ಅಳತೆಗೆ ಹೊಂದುವ ಕಾರ್ಡ್ ಇರಲಿಲ್ಲ. ತರಿಸುತ್ತೇವೆ, ಹತ್ತು ಹದಿನೈದು ದಿನ ಎಂದರು. ಅದು ಮೂರು ವಾರಕ್ಕೆ ಹೋಯಿತು. ಬಂದಿದೆ ಎಂದು ಫೋನ್ ಬಂದ ಹೊತ್ತಿಗೆ ಆಷಾಢ ಕಾಲಿಟ್ಟಿತ್ತು.

"ಆಸಾಡದಲ್ಲಿ ಒಸ ಸಾಮಾನು ಯಾರಾರ ತತ್ತಾರಾ?" ಎಂದರು ಅಕ್ಕ. "ಅದೂ ಕಾಯಿಲೆ ಮನುಸಂಗೆ. ಏನಾರಾ ಎಚ್ಚು ಕಮ್ಮಿ ಆದ್ರೆ ಯಾರ್ ಒಣೆ? ಸ್ರಾವಣ ಬರ್ಲಿ, ಮೊದಲ್ನೇ ಸ್ವಾಮವಾರ ನಾನೇ ದೀಪ ಅಚ್ಚಿ ಒಳಿಕ್ಕೆ ಕರ್ಕತೀನಿ."

ಮಗಳು ಅತ್ತಳು. ನಾನು ಆ ದಿನ ಜೋರು ಮಾಡಬಹುದಿತ್ತು. ಆದರೆ ಅಂಗಡಿ ಮುಚ್ಚಿದವನ ಸಾಮಾನು ಬೇಡ ಎಂದಾಗ ಅವರ ನಂಬಿಕೆಯನ್ನು ಒಪ್ಪಿಕೊಂಡು, ಆಷಾಢ ಬೇಡ ಎಂದಾಗ ಅದನ್ನೇ ತಳ್ಳಿಹಾಕುವುದು ಹೇಗೆ? ಸಿಕ್ಕಿಬಿದ್ದಿದ್ದೆ. ಆರು ತಿಂಗಳು ತುಂಬಲು ಆಗ ಒಂದು ತಿಂಗಳೂ ಉಳಿದಿರಲಿಲ್ಲ. ಸೆಂಟರಿನ ಆಟ ನಿಂತಾಗಿನಿಂದ ಬೆರಳು ಮತ್ತೆ ಮೌನವಾಗಿತ್ತು. ಕೀ ಇಲ್ಲದ ಮೇಜಿನ ಮೇಲೆ ಎಷ್ಟು ದಿನ ಒತ್ತುತ್ತಾರೆ?

ಒಂದು ಸಂಜೆ ವಿಭೂತಿ ಇಟ್ಟುಕೊಂಡು ಪೂಜೆಯಿಂದ ಎದ್ದು ಬಂದ ಅಕ್ಕ, ತಮ್ಮನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದರು. ಬೆರಳುಗಳನ್ನು ಬಿಡಿಸಲು ಹೋದರು. ಆಗಲೇ ಸ್ವಲ್ಪ ಮುಚ್ಚಿಕೊಳ್ಳುತ್ತಿದ್ದವು. ಅವರ ಮುಖ ಬದಲಾಯಿತು. ಅಡುಗೆಮನೆಗೆ ಬಂದು ನನಗೆ ಹೇಳಿದರು:

"ನೋಡವ್ವ, ನಾ ಯೋಚ್ನೆ ಮಾಡ್ದೆ. ಅಳೇದಾದ್ರೆ ಆಸಾಡದ್ ದೋಸ ಬರಾಕಿಲ್ಲ, ಅದು ಒಸದಲ್ವಲ್ಲ. ಮುಚ್ಚೋದ್ ಅಂಗ್ಡೀದಾದ್ರೆ ಆಗ್ಲಿ. ದೇವಸ್ಥಾನದ ತೀರ್ಥ ಚಿಮ್ಕಿಸ್ಬುಟ್ಟು ಒಳೀಕ್ ತಗಳನ. ಆ ನರಸೀಪುರದೋನ್ಗೆ ಫೋನ್ ಮಾಡ್ಸು, ಮಗೀಗೆ ಯೋಳು. ಕೈ ದೊಡ್ಡದು ಕನವ್ವ. ಮಿಕ್ಕದ್ದೆಲ್ಲಾ ಆಮೇಲೆ."

ಎಂಟನೆಯ ಕ್ಲಾಸು ದಾಟದ ಹೆಂಗಸು. ಹುಟ್ಟಿದಂದಿನಿಂದ ನಂಬಿದ್ದನ್ನು ಒಂದು ಸಂಜೆಯಲ್ಲಿ ಮಡಿಸಿ ಪಕ್ಕಕ್ಕಿಟ್ಟುಬಿಟ್ಟರು. ನಾನು ಒಗ್ಗರಣೆ ಸೌಟು ಹಿಡಿದು ನಿಂತಿದ್ದೆ. ನನ್ನ ಕಣ್ಣೆದುರಿಗೆ ಬಂದದ್ದು ಆ ಜಿಡ್ಡು ಹಿಡಿದ ಮೌಸು, ಹೋಗಿ ಆತನ ಮುಂದೆ ನಿಂತು "ನೀವು ಕೊಡ್ತೀನಿ ಅಂದಿದ್ರಲ್ಲ" ಎಂದು ಕೇಳುವ ನಾನು.

"ಇನ್ನು ಮೂರು ವಾರ ಅಕ್ಕ," ಎಂದೆ. "ಶ್ರಾವಣ ಬಂದೇಬಿಡ್ತು. ಇಷ್ಟು ದಿನ ಕಾದಿದ್ದೀವಿ, ಹೊಸದೇ ಬರಲಿ."

ಅಕ್ಕ ನನ್ನನ್ನು ಒಂದು ಕ್ಷಣ ನೋಡಿದರು. "ನೀನು ಓದ್ದೋಳು," ಎಂದರು. ಹೋಗಿಬಿಟ್ಟರು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ನನಗೆ ತಿಳಿದಿದೆ ಎಂದುಕೊಂಡು ಹೇಳಿದ್ದರು.

ಶ್ರಾವಣದ ಮೊದಲ ಸೋಮವಾರ ಡಬ್ಬಗಳು ಮನೆಗೆ ಬಂದವು. ಹಜಾರದಲ್ಲಿ ಚಾಪೆ ಹಾಸಿ ಮಗಳು ಎಲ್ಲವನ್ನೂ ಹರವಿಕೊಂಡು ಕೂತಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ ಮನೆಯೆಲ್ಲ. ನನಗೆ ಆ ವಾಸನೆ ಇಷ್ಟವಾಯಿತು, ಹೇಳಲು ನಾಚಿಕೆಯಾಗುತ್ತದೆ. ಸಂಜೆ ಹೊತ್ತಿಗೆ ಪರದೆ ಬೆಳಗಿತು. ಆಟ ಹಾಕಿದಳು. ಕಾರು ಹೊರಟ ಕೂಡಲೇ ಕಂಪ್ಯೂಟರು ಪೂರ್ತಿ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಆರಿತು. ಎರಡು ದಿನ ತಡಕಾಡಿದ ಮೇಲೆ ತಿಳಿಯಿತು: ಬಜೆಟ್ಟಿಗೆ ಹೊಂದಿಸಲು ಪವರ್ ಸಪ್ಲೈಯನ್ನು ಅಗ್ಗದ್ದು ತಂದಿದ್ದೆವು, ಕಾರ್ಡು ಕೇಳುವಷ್ಟು ಕರೆಂಟನ್ನು ಅದು ಕೊಡುತ್ತಿರಲಿಲ್ಲ. ಬದಲಾಯಿಸಿಕೊಡಲು ಅಂಗಡಿಯವರು ಸತಾಯಿಸಿದರು. ಕೊನೆಗೆ ಮಗಳು ತನ್ನ ಸಂಬಳ ಬಂದ ಮೇಲೆ ಬೇರೆಯದನ್ನು ತಂದಳು. ಆಟ ಸರಿಯಾಗಿ ಓಡಿದಾಗ ಗೌರಿ ಹಬ್ಬ ಹತ್ತಿರವಾಗಿತ್ತು.

ಇವರಿಗೆ ಒಗೆದ ಜುಬ್ಬ ಹಾಕಿ ಕೂರಿಸಿದೆವು. ಅಕ್ಕ ಆರತಿ ಎತ್ತಿದರು. ಮಗಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಣದ ಕೀಗಳ ಮೇಲೆ ಇಟ್ಟಳು. ಹೊಳೆಯುವ, ಯಾರೂ ಮುಟ್ಟದ ಕೀಗಳು.

ತೋರುಬೆರಳು ಒತ್ತಿತು. ಒತ್ತಿದ್ದು ಏಳಲಿಲ್ಲ. ಕಾರು ಎಡಕ್ಕೆ ತಿರುಗಿತು, ತಿರುಗುತ್ತಲೇ ಹೋಗಿ ರಸ್ತೆ ಬದಿಯ ಗೋಡೆಗೆ ಒತ್ತಿಕೊಂಡು ನಿಂತು, ಚಕ್ರಗಳನ್ನು ಗರಗರ ತಿರುಗಿಸಿತು. ಮಗಳು ಬೆರಳನ್ನು ಎತ್ತಿದಳು. ಇನ್ನೊಂದು ಸಲ. ಇನ್ನೊಂದು ಸಲ. ಬೆವರು ಬರಲಿಲ್ಲ ಅವರಿಗೆ ಈ ಬಾರಿ. ಸುಮ್ಮನೆ ನೋಡುತ್ತಿದ್ದರು, ಬೇರೆಯವರ ಗಾಡಿ ಕೆಟ್ಟು ನಿಂತದ್ದನ್ನು ನೋಡುವ ಹಾಗೆ. ಐದಾರು ಸಲವಾದ ಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ಚೆಂದಾಗೈತೆ," ಎಂದರು. "ಮಗು, ನೀ ಆಡ್ಕೊ."

ಎರಡು ವಾರ ಹಟ ಹಿಡಿದು ಕೂರಿಸಿದೆವು. ಆಮೇಲೆ ಅವರೇ ಬರುವುದಿಲ್ಲ ಎಂದರು. ಫಿಸಿಯೋ ಹುಡುಗಿ ಕೈಯನ್ನು ತಿರುಗಿಸಿ ನೋಡಿ, "ಮೇ ತಿಂಗಳಲ್ಲಿ ಅಷ್ಟು ಚೆನ್ನಾಗಿ ಆಡ್ತಿತ್ತಲ್ಲ ಆಂಟಿ, ಯಾಕೆ ನಿಲ್ಲಿಸಿಬಿಟ್ರಿ?" ಎಂದಳು. "ಕಂಪ್ಯೂಟರ್ ಬರೋದು ಲೇಟಾಯ್ತು" ಎಂದೆ. ಅವಳು ಮತ್ತೇನೂ ಕೇಳದೆ ಫೈಲಿನಲ್ಲಿ ಬರೆದುಕೊಂಡಳು. ಮಗಳು ನೆಲ ನೋಡುತ್ತಿದ್ದಳು. ಆ ಮಗು ಅಂದಿನಿಂದ ಇಂದಿನವರೆಗೆ ಒಂದು ಮಾತೂ ನನಗೆ ಎತ್ತಿ ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೇನೋ.

ನರಸೀಪುರದ ಆ ಕಂಪ್ಯೂಟರು ಬಂದಿದ್ದರೂ ಕೈ ಬರುತ್ತಿರಲಿಲ್ಲವೇನೋ. ಡಾಕ್ಟರೊಬ್ಬರು ಹಾಗೆಂದೂ ಹೇಳಿದರು. ಇರಬಹುದು. ಆದರೆ ಜೂನ್, ಜುಲೈ, ಆಗಸ್ಟ್ ಎಂಬ ಮೂರು ತಿಂಗಳು ಅವರದಾಗಿದ್ದವು. ಅವನ್ನು ತೆಗೆದು ನನ್ನ ಮರ್ಯಾದೆಗೆ ಖರ್ಚು ಮಾಡಿದವಳು ನಾನು.

ಅದಾದ ಮೇಲೆ ಅವರು ಏಳು ವರ್ಷ ಬದುಕಿದರು. ಜೀಪನ್ನು ಮಾರಿದೆವು, ಅಂಗಡಿಯನ್ನು ಬಾಡಿಗೆಗೆ ಕೊಟ್ಟೆವು. ಬಲಗೈ ದಿನದಿನಕ್ಕೂ ಬಿಗಿದು ಕೊನೆಗೆ ಪೂರ್ತಿ ಮುಷ್ಟಿಯಾಯಿತು. ಮುಚ್ಚಿದ ಮುಷ್ಟಿಯೊಳಗೂ ಉಗುರು ಬೆಳೆಯುತ್ತದೆ ಎನ್ನುವುದು ನನಗೆ ಆವರೆಗೆ ತಿಳಿದಿರಲಿಲ್ಲ. ಬಿಟ್ಟರೆ ಅಂಗೈಯನ್ನೇ ಕೊರೆಯುತ್ತದೆ, ಬೆವರು ನಿಂತು ವಾಸನೆ ಬರುತ್ತದೆ. ವಾರಕ್ಕೆರಡು ಸಲ ಬಿಸಿನೀರಿನಲ್ಲಿ ಕೈಯನ್ನು ನೆನೆಸಿ, ಒಂದೊಂದೇ ಬೆರಳನ್ನು ಮೆಲ್ಲನೆ ಎತ್ತಿ, ಉಗುರು ಕತ್ತರಿಸಿ, ಸಂದಿ ಒರೆಸಿ, ಪೌಡರ್ ಹಾಕಬೇಕು. ಮೊದಲು ಮಗಳು ಮಾಡುತ್ತಿದ್ದಳು. ಅವಳು ಮದುವೆಯಾಗಿ ಹೋದ ಮೇಲೆ ನಾನು.

ಹಾಗೆ ಮಾಡುತ್ತಿದ್ದಾಗಲೇ ಒಂದು ಬೆಳಿಗ್ಗೆ ಹೇಳಿಬಿಟ್ಟೆ. ನಾಲ್ಕು ವರ್ಷ ಕಳೆದಿರಬೇಕು ಆಗ. ಇಂಗ್ಲಿಷ್ ಬೆರೆಸದೆ ಹೇಳಿದೆ. ನರಸೀಪುರದಾತ ಹಣ ಕೂಡ ಕೇಳದೆ ಅವತ್ತೇ ಕಳಿಸುತ್ತೇನೆ ಎಂದಿದ್ದು, ಒಂದು ತಿಂಗಳು ಆಡಿ ನೋಡಲಿ ಎಂದಿದ್ದು, ಆಷಾಢದಲ್ಲಿ ಅಕ್ಕ ಕೂಡ ಒಪ್ಪಿದ್ದು, ನಾನೇ ಬೇಡ ಎಂದಿದ್ದು.

ಅವರು ಕೈಯನ್ನು ನೋಡುತ್ತಿದ್ದರು. "ಗೊತ್ತು," ಎಂದರು.

"ಯಾರು ಹೇಳಿದರು?"

"ಮಗು. ಅವತ್ತೇ. ಬಸ್ ಇಳ್ದು ಬಂದ ತಕ್ಷಣ."

"ಮತ್ತೆ ನೀವು ಯಾಕೆ ಕೇಳಲಿಲ್ಲ? ಬೇಕು ಅಂದಿದ್ದರೆ ನಾನು ಇಲ್ಲ ಅಂತಿದ್ದೆನಾ?"

ಎಡಗೈಯಿಂದ ಬಲಗೈಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು.

"ನಿನ್ನ ಮುಖ ನೋಡ್ದೆ," ಎಂದರು. "ಬ್ಯಾಡ ಅಂತ ಇತ್ತು. ಸರಿ, ಎರಡು ವಾರ ಅಲ್ವಾ ಅಂದ್ಕಂಡೆ."

ಕಿರುಬೆರಳೊಂದು ಉಳಿದಿತ್ತು. ಅದು ಎಲ್ಲಕ್ಕಿಂತ ಬಿಗಿ. ಬಿಡಿಸಲು ಹೋದಾಗ ಅವರಿಗೆ ನೋವಾಗಿ ಹಲ್ಲು ಕಚ್ಚಿದರು. ನಾನು ಮತ್ತೆ ಬಿಸಿನೀರು ತರಲು ಎದ್ದೆ.